ಕಿತ್ತಳೆ ಲೇಸರ್ ಅಸಲಿ ಹೌದೋ ಅಲ್ಲೋ ಅಂತ ಹಳೇ ಸಿಡಿಯಿಂದ ನೋಡೋದು

ಬೀದರಿನಿಂದ ಕೇಳೀರಿ: ಆನ್‌ಲೈನಿನಾಗ 1,800 ರೂಪಾಯಿಗೆ ‘ಕಿತ್ತಳೆ ಲೇಸರ್ ಪಾಯಿಂಟರ್’ ಸಿಗ್ತದ, ತೊಗೋಬೇಕೋ ಬ್ಯಾಡೋ, ತೊಗೊಂಡ್ರ ಅದರ ತಾಕತ್ತು ಹ್ಯಾಂಗ ನೋಡೋದು ಅಂತ. ನಾ ಕಲಬುರಗಿಯಾಗ ಪಿಯು ಕಾಲೇಜಿನ ಫಿಸಿಕ್ಸ್ ಲ್ಯಾಬ್ ನೋಡ್ಕೋತೀನಿ. ಇದೇ ಹುಚ್ಚಿಗೆ ಎರಡು ಸಲ ರೊಕ್ಕ ಹಾಕೀನಿ, ಒಂದು ಸಲ ಪೂರಾ ಹಾಳು.

ಆ ರೇಟಿಗೆ ಬರೋದು ಕೆಂಪು. ನನಗ ಮೊದಲ ಬಂದದ್ದು 635 ನ್ಯಾನೋಮೀಟರಿಂದು (ಇದು ಬೆಳಕಿನ ಅಲೆಯ ಉದ್ದ, ಬಣ್ಣ ಯಾವದಂತ ಈ ನಂಬರೇ ಹೇಳ್ತದ). 650ರ ಕೆಂಪು ಬಗಲಾಗ ಇಟ್ರ ಕಿತ್ತಳೆ ಅನಸ್ತದ, ಒಂದೇ ಹಚ್ಚಿದ್ರ ಬರೇ ಕೆಂಪು. ಕೆಂಪು, ಹಸಿರು, ನೀಲಿ ಬೆಳಕು ಡಯೋಡಿನಿಂದ (ಕರೆಂಟ್ ಕೊಟ್ರ ಬೆಳಕು ಕೊಡೋ ಸಣ್ಣ ಚಿಪ್) ಸೀದಾ ಬರ್ತದ. ಕಿತ್ತಳೆಗೆ ಅಂಥಾ ಸೋವಿ ಡಯೋಡ್ ಸಿಗಂಗಿಲ್ಲ. ಅದಕ್ಕ ಕೈಯಾಗ ಹಿಡಿಯೋ ಅಸಲಿ ಮಾಲು ಹೆಚ್ಚಾಗಿ 593.5 ನ್ಯಾನೋಮೀಟರಿಂದು. ಒಳಗಿನ 808ರ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಡಯೋಡ್ ಒಂದು ಹರಳಿಗೆ ಬೆಳಕು ಉಣಸ್ತದ, ಆ ಹರಳು 1064 ಮತ್ತ 1342 ಎರಡೂ ಹುಟ್ಟಸ್ತದ, ಇನ್ನೊಂದು ಹರಳು ಅವೆರಡನ್ನ ಕೂಡಿಸಿ 593.5 ಮಾಡ್ತದ. ಇಷ್ಟು ಕೈ ದಾಟೋದ್ರಾಗ ಬ್ಯಾಟರಿ ಕೊಟ್ಟದ್ರಾಗಿಂದು ಚೂರೇ ಚೂರು ಉಳೀತದ. ತುಟ್ಟಿ ಆಗೋದು ಇದಕ್ಕ. ಬಣ್ಣ ಮಾತ್ರ ಮಾಗಿದ ಮಾವಿನಹಣ್ಣಿನ ತಿರುಳಿನಂಗ, ನೋಡಿದವ್ರು ಬಿಡಂಗಿಲ್ಲ. ಮಾರೋವ್ರು ನ್ಯಾನೋಮೀಟರ್ ನಂಬರ್ ಬರೆದಿಲ್ಲಂದ್ರ ಮುಂದಕ್ಕ ಹೋಗ್ರಿ.

ಬಂದ ಮ್ಯಾಲ ಒಂದು ಹಳೇ ಸಿಡಿ ಹುಡಕ್ರಿ. ಅದರ ಗೀರು 1.6 ಮೈಕ್ರೋಮೀಟರಿಗೊಂದು ಇರ್ತಾವ, ನ್ಯಾನೋಮೀಟರ್ ನಂಬರ್ ದೊಡ್ಡದಿದ್ದಷ್ಟು ಬೆಳಕನ್ನ ಹೆಚ್ಚು ಬಾಜೂಕ ತಿರುಗಸ್ತಾವ. ರಟ್ಟಿಗೆ ತೂತು ಮಾಡಿ, ಹಿಂದಿನಿಂದ ಲೇಸರ್ ಹಾಯಿಸ್ರಿ, ಸರಿಯಾಗಿ ಒಂದು ಮೀಟರ್ ದೂರ ಸಿಡಿ ನಿಲ್ಲಸ್ರಿ. ನಡುವಿನ ಬೆಳಕು ವಾಪಸ್ ತೂತಿಗೇ ಬೀಳಬೇಕು, ಅಂದ್ರ ಸಿಡಿ ನೆಟ್ಟಗ ನಿಂತದ ಅಂತ ಅರ್ಥ. ಈಗ ಬಾಜೂಕ ಬಿದ್ದ ಮೊದಲ ಚುಕ್ಕಿ ತೂತಿನಿಂದ ಎಷ್ಟು ದೂರ ಅದ ಅಳೀರಿ. 593.5 ಇದ್ರ 40 ಸೆಂಟಿಮೀಟರ್, 635 ಇದ್ರ 43, 650 ಇದ್ರ ನಲವತ್ನಾಲ್ಕೂವರಿ. ಸ್ಕೇಲ್ ಪಟ್ಟಿ ಸುಳ್ಳು ಹೇಳಂಗಿಲ್ಲ. ನನ್ನ ಮೊದಲ ಲೇಸರ್ ಸಿಕ್ಕಿಬಿದ್ದದ್ದು ಹಿಂಗ. ಹಚ್ಚಿದಾಗ ಮುಖ ಆ ಎತ್ತರಕ್ಕ ತರಬ್ಯಾಡ್ರಿ, ಹುಡುಗ್ರನ್ನ ಹೊರಗ ಕಳಸ್ರಿ.

ಅದೇ ರಟ್ಟಿನ ಮ್ಯಾಲ ಐವತ್ತೆಂಟೂವರಿ ಸೆಂಟಿಮೀಟರಿನ ಜಾಗ ಮೊಬೈಲಿನ ಸೆಲ್ಫಿ ಕ್ಯಾಮೆರಾದಾಗ ನೋಡ್ರಿ. (ಟಿವಿ ರಿಮೋಟಿನ ಮಿಣಕು ಕಾಣೋ ಕ್ಯಾಮೆರಾನೇ ಬೇಕು.) ಅಲ್ಲಿ ಚುಕ್ಕಿ ಕಂಡ್ರ 808 ಸೋರಲಿಕತ್ತದ. 2010ರಾಗ ಅಮೆರಿಕದ ಅಳತಿ-ಮಾನದಂಡದ ಸಂಸ್ಥೆ ಎನ್‌ಐಎಸ್‌ಟಿಯವ್ರು ಒಂದು ಸೋವಿ ಹಸಿರು ಪಾಯಿಂಟರ್ (ಸೀದಾ ಡಯೋಡಿಂದಲ್ಲ, ಇದರಂಗ 808 ಮತ್ತ ಹರಳಿಂದು) ನೋಡಿದ್ರ, ಹಸಿರಿನ ಸುಮಾರು ಹತ್ತು ಪಟ್ಟು ಇನ್‌ಫ್ರಾರೆಡ್ ಹೊರಬೀಳ್ತಿತ್ತು. ಕಣ್ಣಿಗೆ ಕಾಣದ್ದು ಕಣ್ಣು ಮುಚ್ಚಸಂಗಿಲ್ಲ, ಅದೇ ಅಂಜಿಕಿ. ಪವರ್ ಮೀಟರೂ ಇದನ್ನ ಸೇರಿಸೇ ತೋರಸ್ತದ, ಮಾರೋವ್ರು ಹೇಳೋ ಮಿಲಿವ್ಯಾಟ್ (ತಾಕತ್ತಿನ ಲೆಕ್ಕ) ಅದಕ್ಕ ಉಬ್ಬಿರ್ತದ.

ತಾಕತ್ತಿಗೆ ಕಣ್ಣಂದಾಜೂ ನಂಬಬ್ಯಾಡ್ರಿ. ಅಷ್ಟೇ ಮಿಲಿವ್ಯಾಟಿಗೆ 593.5 ಅನ್ನೋದು 650ರ ಕೆಂಪಿಗಿಂತ ಆರೇಳು ಪಟ್ಟು ಢಾಳಾಗಿ ಕಾಣ್ತದ. ಅಂಗಳದ ಸೋಲಾರ್ ದೀಪದ ಸಣ್ಣ ಪ್ಯಾನಲ್ ಬಿಚ್ಚಿ, ಮಲ್ಟಿಮೀಟರಿಗೆ ಹಚ್ಚಿ, ಲೇಸರ್ ಬಿಟ್ಟು ಅರ್ಧ ಅರ್ಧ ನಿಮಿಷಕ್ಕ ಕರೆಂಟ್ ಬರಕೊಳ್ರಿ. ಮಿಲಿವ್ಯಾಟ್ ಗೊತ್ತಾಗಂಗಿಲ್ಲ, ಏರಿಳಿತ ಗೊತ್ತಾಗ್ತದ. ನನ್ನ ಎರಡನೇ ಲೇಸರ್ ಅಸಲಿ ಇತ್ತು, ಆದ್ರ ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ನಿಮಿಷದಾಗ ಮಂಕಾಗಿ, ಮತ್ತ ಬೆಳಗಿ, ಮತ್ತ ಮಂಕಾಯ್ತು. ಡಯೋಡ್ ಕಾದಂಗ ಅದರ 808 ಒಂದು ಡಿಗ್ರಿಗೆ ಸುಮಾರು 0.3 ನ್ಯಾನೋಮೀಟರ್ ಸರೀತದ, ಹರಳು ಸರಿಯಾಗಿ ಉಣ್ಣಂಗಿಲ್ಲ. ಕಲಬುರಗಿ ಬಿಸಲಿಗೆ ನಾವೇ ಉಣ್ಣಂಗಿಲ್ಲ, ಹರಳಿನ ಪಾಡೇನು! ಅದಕ್ಕ ವಾಪಸ್ ಕೊಡೋ ದಿನ ಮುಗಿಯೋದ್ರೊಳಗ ನಸುಕಿನ್ಯಾಗ ಒಮ್ಮೆ, ನಡು ಮಧ್ಯಾಹ್ನ ಒಮ್ಮೆ ಲೆಕ್ಕ ಬರೀರಿ.

5 ಮಿಲಿವ್ಯಾಟ್ ದಾಟಿದ್ದು ತೊಗೋಬ್ಯಾಡ್ರಿ. ನಿಮ್ಮೂರ ಮ್ಯಾಲ ವಾಯುಸೇನೆ ಹುಡುಗ್ರು ಹಾಕ್ ಜೆಟ್ ಹಾರಸೋದು ಕಲೀತಾರ, ಮಾಳಗಿ ಏರಿ ಆಕಾಶಕ್ಕಂತೂ ಹಿಡೀಲೇಬ್ಯಾಡ್ರಿ. ಕ್ಲಾಸಿನಾಗ ಬೋರ್ಡ್ ತೋರಿಸಲಿಕ್ಕಷ್ಟೇ ಬೇಕಿದ್ರ ಕೆಂಪೇ ಸಾಕು. ಆ ಬಣ್ಣದ ಹುಚ್ಚೇ ಹತ್ತಿದ್ರ 593.5 ತರಸ್ರಿ, ಸಿಡಿ ನಾ ಕಳಸ್ತೀನಿ, ನನ್ನ ಕಡಿ ಭಾಳ ಬಿದ್ದಾವ.