ಆಂಪೂಲ್‌ನಲ್ಲಿ ಉಳಿದ ಅರ್ಧ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಐಸಿಯುನಲ್ಲಿ ಎಂಟು ವರ್ಷ ದುಡಿದ ಬ್ರದರ್ ಒಬ್ಬರು ತಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಜೊತೆ ನನ್ನ ಕ್ಲಿನಿಕ್‌ಗೆ ಬಂದರು. ಸೆಕೆಯಲ್ಲೂ ತುಂಬುತೋಳಿನ ಅಂಗಿ. ಮೇಡಂ ಕೈಯಲ್ಲಿ ರಾಜೀನಾಮೆ ಪತ್ರ, ಸಹಿಯೊಂದೇ ಬಾಕಿ. "ಹುಡುಗ ಒಳ್ಳೆಯವನು ಸರ್. ಮರ್ಯಾದೆಯಿಂದ ಬಿಟ್ಟು ಹೋಗಲಿ."

ಚಟ ಶುರುವಾದದ್ದು ಫೆಂಟನಿಲ್ ಎಂಬ, ತೀವ್ರ ನೋವಿಗೆ ಕೊಡುವ ಮದ್ದಿನ ಉಳಿಕೆಯಿಂದ. 2 ಎಂಎಲ್ ಆಂಪೂಲ್‌ನಲ್ಲಿ, ಅಂದರೆ ಚುಚ್ಚುಮದ್ದಿನ ಪುಟ್ಟ ಗಾಜಿನ ಸೀಸೆಯಲ್ಲಿ, 100 ಮೈಕ್ರೋಗ್ರಾಂ ಇರುತ್ತದೆ. ರೋಗಿಗೆ 50 ಕೊಟ್ಟರೆ ಮಿಕ್ಕಿದ್ದನ್ನು ಇನ್ನೊಬ್ಬರ ಕಣ್ಣೆದುರು ಚೆಲ್ಲಿ, ಇಬ್ಬರೂ ಸಹಿ ಹಾಕಬೇಕು. ಅಲ್ಲಿ ಎರಡನೆಯ ಸಹಿಗಳನ್ನು ಬೆಳಿಗ್ಗೆ ಒಟ್ಟಿಗೆ ಹಾಕಿಸಿಕೊಳ್ಳುವುದು ವಾಡಿಕೆ. ಮೊದಮೊದಲು ಚೆಲ್ಲಬೇಕಾದದ್ದು ಇವರ ತೋಳಿಗೆ ಹೋಯಿತು. ಅದು ಸಾಲದಾದಾಗ ಒಂದು ರಾತ್ರಿ ರೋಗಿಯ ಪಾಲನ್ನೇ ತೆಗೆದು ಸಲೈನ್ ಕೊಟ್ಟರು.

"ಅಜ್ಜ ಬೆಳಗಿನ ತನಕ ನರಳಿದರು. ಡೋಸ್ ಕೊಟ್ಟಿದೆ ಅಂತ ಚಾರ್ಟಿನಲ್ಲಿ ಬರೆದವನು ನಾನೇ."

ಪತ್ರ ಒಳಗಿಡಿ ಎಂದೆ. ಸದ್ದಿಲ್ಲದೆ ಕಳಿಸಿದರೆ ಮುಂದಿನ ತಿಂಗಳು ಇನ್ನೊಂದು ಐಸಿಯುನಲ್ಲಿ ಇಂಥದೇ ನಾರ್ಕೋಟಿಕ್ (ಮಾದಕ ಔಷಧಿಗಳ) ಬೀರುವಿನ ಕೀಲಿ ಇವರ ಜೇಬಿನಲ್ಲಿರುತ್ತದೆ. ಇದು ದಯೆಯಲ್ಲ, ದಾಟಿಸುವಿಕೆ. ಮಾದಕ ದ್ರವ್ಯದ ದುರ್ಬಳಕೆಯಿಂದ ಬರುವ ಸ್ಥಿತಿಗಳನ್ನೂ 2017ರ ಮಾನಸಿಕ ಆರೋಗ್ಯ ಕಾಯ್ದೆ ಕಾಯಿಲೆಯೊಳಗೇ ಸೇರಿಸಿದೆ. ಹಾಗಾಗಿ ಕೊಡಬೇಕಾದದ್ದು ವೈದ್ಯಕೀಯ ರಜೆ, ಕೀಲಿ ವಾಪಸಾಗಬೇಕಾದದ್ದು ಇವತ್ತೇ. ಚಿಕಿತ್ಸೆ ಮಾತ್ರ ಅದೇ ಆಸ್ಪತ್ರೆಯಲ್ಲಿ ಬೇಡ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಪತ್ರ ಬರೆದುಕೊಟ್ಟೆ.

"ಪೊಲೀಸ್ ಕೇಸ್ ಆಗುತ್ತಾ?" ಎಂದು ಬ್ರದರ್ ಕೇಳಿದರು. ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಸೇವನೆಯಂಥ ಅಪರಾಧಗಳಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಕಳವಿನ ಮಾತು ಬೇರೆ. ಅದನ್ನು ವಕೀಲರ ಬಳಿ ಕೇಳಿ ಎಂದೆ. ಸುಳ್ಳು ಧೈರ್ಯ ತುಂಬಲಿಲ್ಲ. ಇನ್ನೊಂದು ಮಾತನ್ನು ಎರಡು ಸಲ ಹೇಳಿದೆ: ಕೆಲವು ವಾರ ಬಿಟ್ಟು ಮತ್ತೆ ಹಳೆಯ ಅಳತೆಯಲ್ಲೇ ಚುಚ್ಚಿಕೊಂಡರೆ ಉಸಿರು ನಿಲ್ಲಬಹುದು.

ಕೆಲಸಕ್ಕೆ ಮರಳುವ ಷರತ್ತುಗಳನ್ನು ಮೇಡಂ ಬರೆದುಕೊಂಡರು. ರಾತ್ರಿ ಪಾಳಿ ಬೇಡ, ನಾರ್ಕೋಟಿಕ್ ಬೀರು ಮುಟ್ಟುವಂತಿಲ್ಲ, ಮುನ್ಸೂಚನೆಯಿಲ್ಲದ ಮೂತ್ರ ಪರೀಕ್ಷೆ. ಅದೂ ಫೆಂಟನಿಲ್‌ಗೆಂದೇ ಇರುವ ಪರೀಕ್ಷೆ. ಅಫೀಮು ಬಗೆಯ ಮದ್ದುಗಳನ್ನು ಪತ್ತೆಹಚ್ಚುವ ಸಾಮಾನ್ಯ ಓಪಿಯೇಟ್ ಸ್ಟ್ರಿಪ್‌ನಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಬೆಳಗಿನ ಸಾಮೂಹಿಕ ಸಹಿಯ ವಿಷಯ ಬಂದಾಗ ಅವರ ಪೆನ್ನು ಸ್ವಲ್ಪ ನಿಂತಿತು.

ಏಳುವಾಗ ಬ್ರದರ್ ಕೇಳಿದರು: "ಆ ಅಜ್ಜನ ಮನೆಯವರಿಗೆ ಹೇಳಬೇಕಾ ಸರ್?"

ಯಾವ ರಾತ್ರಿ, ಯಾವ ಬೆಡ್ ಎಂಬುದನ್ನು ಮೊದಲು ಆಸ್ಪತ್ರೆಗೆ ಬರೆದುಕೊಡಿ, ಆ ರೋಗಿಗಳನ್ನು ಮತ್ತೆ ನೋಡಬೇಕಾಗುತ್ತದೆ ಎಂದೆ. ಮೇಡಂ ರಾಜೀನಾಮೆ ಪತ್ರ ತಿರುಗಿಸಿ, ಅದರ ಖಾಲಿ ಬೆನ್ನನ್ನು ಅವರ ಮುಂದಿಟ್ಟರು.