ವಾಸುದೇವ್ ಅವರ ಚಿತ್ರ ಹಿಡಿಸಿತು, ಮುಂದೇನು ನೋಡಲಿ?

ಗ್ಯಾಲರಿಯಲ್ಲಿ ಎಸ್. ಜಿ. ವಾಸುದೇವ್ ಅವರ ಮರದ ಚಿತ್ರ ನೋಡಿ ತುಂಬಾ ಹಿಡಿಸಿತು, ಕಲೆ ಓದಿಲ್ಲದವರು ಮುಂದೆ ಏನು ನೋಡಬೇಕು, ಕೊಳ್ಳದೆ ವಿಚಾರಿಸಿದರೆ ತಪ್ಪಾ ಅಂತ ಕೇಳಿದ್ದೀರಿ. ಖಂಡಿತ ತಪ್ಪಲ್ಲ. ಧಾರಾಳವಾಗಿ ಕೇಳಿ.

ಮೊದಲು ಅದೇ ಚಿತ್ರದ ಹತ್ತಿರ ಇನ್ನೊಮ್ಮೆ ಹೋಗಿ. ದೂರದಿಂದ ಒಂದೇ ಬಣ್ಣದಂತೆ ಕಾಣುವ ಕ್ಯಾನ್ವಾಸ್, ಹತ್ತಿರ ಹೋದರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ಮೇಲಿನ ಬಣ್ಣ ಕೆರೆದ ಕಡೆ ಅಡಿಯದ್ದು ಇಣುಕುತ್ತದೆ. ಫೋನಿನ ಫೋಟೋದಲ್ಲಿ ಇದು ಸಿಗಲ್ಲ. ನನಗಂತೂ ಅವರ ಕೆಲಸದಲ್ಲಿ ಅತಿ ಇಷ್ಟವಾಗುವುದು ಇದೇ.

ಅವರು ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದವರು. ಮದ್ರಾಸಿನಲ್ಲಿ ಕಲಾವಿದ ಕೆ. ಸಿ. ಎಸ್. ಪಣಿಕ್ಕರ್ ಹತ್ತಿರ ಕಲಿತರು. 1966ರಲ್ಲಿ ಶುರುವಾದ ಚೋಳಮಂಡಲ ಕಲಾಗ್ರಾಮ ಕಟ್ಟಿದವರಲ್ಲಿ ಇವರೂ ಒಬ್ಬರು. ಕಲಾವಿದರೇ ಸೇರಿ ಕರಕುಶಲ ವಸ್ತು ಮಾಡಿ ಮಾರಿ, ಅದರಿಂದ ಬದುಕಿಕೊಂಡು ಚಿತ್ರ ಬರೆದ ಜಾಗ ಅದು. ವಾಸುದೇವ್ ತಾಮ್ರದ ಉಬ್ಬು ಚಿತ್ರಗಳನ್ನೂ ಮಾಡಿದ್ದಾರೆ, ನೇಕಾರರ ಜೊತೆ ಸೇರಿ ರೇಷ್ಮೆಯಲ್ಲಿ ಚಿತ್ರ ನೇಯಿಸಿದ್ದಾರೆ. ಆ ಮರದ ಚಿತ್ರ ಇಷ್ಟವಾದವರಿಗೆ ಆ ತಾಮ್ರದ ಕೆಲಸವೂ ಹಿಡಿಸುತ್ತದೆ ಅನ್ನಿಸುತ್ತೆ, ಸಿಕ್ಕಿದರೆ ಬಿಡಬೇಡಿ.

ಚೆನ್ನೈ ಕಡೆ ಹೋದರೆ ಈಸ್ಟ್ ಕೋಸ್ಟ್ ರಸ್ತೆಯಲ್ಲಿರುವ ಚೋಳಮಂಡಲಕ್ಕೆ ಹೋಗಿ, ಅಲ್ಲಿನ ಮ್ಯೂಸಿಯಂನಲ್ಲಿ ಅವರ ಜೊತೆಗಾರರ ಕೆಲಸವೂ ಇದೆ. ಬೆಂಗಳೂರಿನಲ್ಲಾದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಸೋಮವಾರ ರಜೆ. ಮತ್ತೆ ನೀವು ಹೋದ ಗ್ಯಾಲರಿಯವರ ಹತ್ತಿರ ಹಳೆಯ ಪ್ರದರ್ಶನಗಳ ಕ್ಯಾಟಲಾಗ್ ಇದೆಯಾ ಅಂತ ಕೇಳಿ, ಇದ್ದರೆ ಅಲ್ಲೇ ಕೂತು ನಿಧಾನವಾಗಿ ತಿರುವಿ ಹಾಕಬಹುದು.