ಹಳೆಯ ಎಂಜಿಬಿ ಕಾರನ್ನು ದಿನನಿತ್ಯದ ಓಡಾಟಕ್ಕೆ ಇಟ್ಟುಕೊಳ್ಳಬಹುದೇ?

ಹೈದರಾಬಾದಿನಲ್ಲಿ 1971ರ ಎಂಜಿಬಿ ರೋಡ್‌ಸ್ಟರ್ ಎಂಬ ಬ್ರಿಟನ್ನಿನ ತೆರೆದ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆ, ಅದನ್ನು ಕೊಂಡು ಬೀದರಿನಿಂದ ಹುಮನಾಬಾದಿನ ಕಾಲೇಜಿಗೆ ದಿನಾಲೂ ಹೋಗಿಬರಬಹುದೇ, ಮಾರುವವರು ವಿಂಟೇಜ್ ನಂಬರು ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ, ಅದರಿಂದ ಅನುಕೂಲವಿದೆಯೇ ಎಂದು ಕೇಳಿದ್ದೀರಿ. ಇದೇ ಮಾದರಿಯ 1972ರ ಕಾರನ್ನು ನಾನು ಕಲಬುರಗಿಯಲ್ಲಿ, ಸೇಡಂ ರಸ್ತೆಯ ಮನೆಯಿಂದ ಕಪನೂರಿನ ಕೈಗಾರಿಕಾ ಪ್ರದೇಶದಲ್ಲಿರುವ ಕೆಲಸದ ಜಾಗಕ್ಕೆ ಕೆಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ಆ ಬಲದ ಮೇಲೆ ಹೇಳುವುದಾದರೆ, ದಿನಾಲೂ ಓಡಿಸಲು ಅಡ್ಡಿಯಿಲ್ಲ. ಆದರೆ ವಿಂಟೇಜ್ ನಂಬರು ಮಾಡಿಸಿದರೆ ಓಡಿಸುವಂತಿಲ್ಲ.

ಮೊದಲು ಈ ಕಾಗದಪತ್ರದ ವಿಷಯವನ್ನೇ ಮುಗಿಸುತ್ತೇನೆ, ಏಕೆಂದರೆ ಹಳೆಯ ಗಾಡಿ ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುವುದರಲ್ಲಿ ಮೈಮರೆತು ಆರ್‌ಸಿಯನ್ನು ಕೊನೆಗೆ ನೋಡುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈಯಲ್ಲಿ ತಂದ ತಿದ್ದುಪಡಿಯ ಪ್ರಕಾರ, 50 ವರ್ಷ ದಾಟಿದ ಹಾಗೂ ಮೂಲ ರೂಪದಲ್ಲೇ ಉಳಿದಿರುವ ವಾಹನವನ್ನು 20,000 ರೂಪಾಯಿ ಶುಲ್ಕ ಕಟ್ಟಿ, 'ವಿಎ' ಅಕ್ಷರಗಳಿರುವ ನಂಬರಿನೊಂದಿಗೆ ಹತ್ತು ವರ್ಷಗಳ ಅವಧಿಗೆ ನೋಂದಾಯಿಸಿಕೊಳ್ಳಬಹುದು. ಕೇಳಲು ಚೆನ್ನಾಗಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವುದು ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂದು ಅದೇ ನಿಯಮ ಹೇಳುತ್ತದೆ. ಮೊದಲೇ ನೋಂದಣಿಯಾಗಿದ್ದ ಗಾಡಿಗೆ ಹಳೆಯ ನಂಬರನ್ನೇ ಉಳಿಸಿಕೊಳ್ಳುವ ಅವಕಾಶವೂ ಅದರಲ್ಲಿ ಇರುವುದರಿಂದ, ಬರೀ ನಂಬರ್ ಪ್ಲೇಟ್ ನೋಡಿ ಸಮಾಧಾನಪಡಬೇಡಿ. ಆರ್‌ಸಿಯ ಪ್ರತಿಯನ್ನು ತರಿಸಿಕೊಂಡು, ಅದು ಸಾಮಾನ್ಯ ಕಾರಾಗಿ ದಾಖಲಾಗಿದೆಯೇ, ಊರ್ಜಿತದಲ್ಲಿದೆಯೇ ಎಂದು ಓದಿ ನೋಡಿ.

ಸಾಮಾನ್ಯ ನೋಂದಣಿಯಲ್ಲೇ ಉಳಿದಿದ್ದರೆ, 15 ವರ್ಷ ದಾಟಿದ ಯಾವುದೇ ಖಾಸಗಿ ಕಾರಿನಂತೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ನವೀಕರಿಸಬೇಕು. 20 ವರ್ಷ ಮೀರಿದ ಆಮದು ಕಾರಿಗೆ ಈ ನವೀಕರಣದ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 80,000 ರೂಪಾಯಿಗೆ ಏರಿಸಿದ್ದಾರೆ. ಮೂಗಿಗಿಂತ ಮೂಗುತಿ ಭಾರ ಎನಿಸಬಹುದು, ಆದರೂ ಬೆಲೆ ಮಾತಾಡುವಾಗ ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ತೆಲಂಗಾಣದಿಂದ ಎನ್‌ಒಸಿ ತಂದು ಬೀದರಿನ ಕೆಎ-38 ನಂಬರು ಮಾಡಿಸುವಾಗ ಬರುವ ಜೀವಾವಧಿ ತೆರಿಗೆ ಬೇರೆ. ವಿಮೆಯಲ್ಲಿ, ತಯಾರಿಕೆ ನಿಂತುಹೋದ ಇಂಥ ಕಾರಿನ ಮೌಲ್ಯವನ್ನು ಕಂಪನಿಯೂ ನೀವೂ ಮಾತಾಡಿಯೇ ಒಪ್ಪಿಕೊಳ್ಳಬೇಕಾಗುತ್ತದೆ. ಫೋಟೊ, ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.

ಇನ್ನು ಕಾರಿನ ಮಾತು. ನಮ್ಮ ಭಾಗದಲ್ಲಿ ದಿನಬಳಕೆಗೆ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಆರಿಸಿಕೊಳ್ಳಲೇಬೇಕೆಂದರೆ ನಾನು ಎಂಜಿಬಿಯನ್ನೇ ಹೇಳುತ್ತೇನೆ, ಮತ್ತು ಅದಕ್ಕೆ ಕಾರಣ ಅದರ ಅಂದವಲ್ಲ, ಅಂಬಾಸಡರ್. ನಮ್ಮ ಅಂಬಾಸಡರಿನಲ್ಲಿ ದಶಕಗಳ ಕಾಲ ಇದ್ದ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಬ ಒಂದೇ ವಂಶದವು. ಪಿಸ್ಟನ್ ಚಲಿಸುವ ದೂರ, ಅಂದರೆ ಸ್ಟ್ರೋಕ್, ಎರಡರಲ್ಲೂ 88.9 ಮಿ.ಮೀ.; ಸಿಲಿಂಡರಿನ ಅಗಲ (ಬೋರ್) ಮಾತ್ರ ಬೇರೆ, ಹಾಗಾಗಿ ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಅದಲುಬದಲಾಗುವುದಿಲ್ಲ. ಆದರೆ ಟ್ಯಾಪೆಟ್ ಹೊಂದಿಸುವ ರೀತಿ, ಡಿಸ್ಟ್ರಿಬ್ಯೂಟರ್ ಪಾಯಿಂಟ್, ಪುಶ್‌ರಾಡ್ ಎಲ್ಲವೂ ಅಂಬಾಸಡರ್ ರಿಪೇರಿ ಮಾಡಿ ಪಳಗಿದ ಕೈಗಳಿಗೆ ಗೊತ್ತಿರುವಂಥವೇ. ನನ್ನ ಕಾರನ್ನು ನೋಡಿಕೊಳ್ಳುವ ಉಸ್ತಾದರು ಮೊದಲ ದಿನ ಬಾನೆಟ್ ಎತ್ತಿ, ಕಾರ್ಬೊರೇಟರ್ ಎರಡಿದೆ ಎಂಬುದೊಂದನ್ನು ಬಿಟ್ಟರೆ ಇದರಲ್ಲಿ ಹೊಸದೇನಿದೆ ಎಂದು ಕೇಳಿದ್ದರು. ಬೀದರಿನಲ್ಲೂ ಹಳೆಯ ಟ್ಯಾಕ್ಸಿಗಳನ್ನು ಓಡಿಸುತ್ತಿದ್ದವರನ್ನು ವಿಚಾರಿಸಿದರೆ ಅಂಥ ಒಬ್ಬರು ಸಿಕ್ಕೇ ಸಿಗುತ್ತಾರೆ. ಕಾರು ತರುವ ಮೊದಲೇ ಅವರನ್ನು ಹುಡುಕಿಟ್ಟುಕೊಳ್ಳಿ. ನಿಮ್ಮದು 1971ರದಾದ್ದರಿಂದ ಇನ್ನೊಂದು ಲಾಭವಿದೆ: 1967ರ ಕೊನೆಗೆ ಬಂದ ಎರಡನೆಯ ಆವೃತ್ತಿಯಿಂದ (ಮಾರ್ಕ್ 2) ಡೈನಮೊ ಬದಲು ಆಲ್ಟರ್ನೇಟರ್ ಬಂತು, ಗೇರು ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊಮೆಶ್ ಮೊದಲ ಗೇರಿಗೂ ಬಂತು.

ನಿಜವಾದ ಪರೀಕ್ಷೆ ಬಿಸಿಲಿನದು. ಈ ಎಂಜಿನ್ನಿನಲ್ಲಿ ಇನ್‌ಲೆಟ್ಟೂ ಎಕ್ಸಾಸ್ಟೂ ಒಂದೇ ಪಕ್ಕದಲ್ಲಿವೆ, ಎಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಎರಡೂ ಕಾರ್ಬೊರೇಟರುಗಳು (ಎಸ್‌ಯು ಎಂಬ ಹೆಸರಿನವು) ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮಗ್ಗುಲಲ್ಲೇ ಕೂತಿರುತ್ತವೆ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟ್ ಬಳಿ ಗಾಡಿ ನಿಲ್ಲಿಸಿ ಹತ್ತು ನಿಮಿಷದ ಕೆಲಸ ಮುಗಿಸಿ ಬಂದರೆ, ಕಾರ್ಬೊರೇಟರಿನ ಫ್ಲೋಟ್ ಬಟ್ಟಲಿನಲ್ಲಿರುವ ಪೆಟ್ರೋಲು ಕುದಿದು ಆವಿಯಾಗಿರುತ್ತದೆ. ಕೀ ತಿರುಗಿಸಿದರೆ ಎಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ. ಆಗ ಗಾಬರಿಯಾಗಿ ಚೋಕ್ ಎಳೆಯಬೇಡಿ. ಬಾನೆಟ್ ತೆರೆದಿಟ್ಟು ಸ್ವಲ್ಪ ಹೊತ್ತು ನೆರಳಿನಲ್ಲಿ ನಿಂತು, ಬಳಿಕ ಕೀಯನ್ನು ಒಂದು ಹಂತ ತಿರುಗಿಸಿ ಹಿಂಬದಿಯ ಎಲೆಕ್ಟ್ರಿಕ್ ಪೆಟ್ರೋಲ್ ಪಂಪು ಟಿಕ್ ಟಿಕ್ ಎಂದು ಬಡಿದು ತಾನಾಗಿ ನಿಧಾನವಾಗುವವರೆಗೆ ಕಾಯಿರಿ. ಬಟ್ಟಲು ತುಂಬಿತು ಎಂಬುದರ ಗುರುತು ಅದು. ಕಾರ್ಬೊರೇಟರಿನ ಹಿಂದಿರಬೇಕಾದ ಹೀಟ್ ಶೀಲ್ಡ್ ತಗಡನ್ನು ಯಾರಾದರೂ ಕಿತ್ತು ಎಸೆದಿದ್ದರೆ ಮೊದಲು ಅದನ್ನು ಹಾಕಿಸಿ. ರೇಡಿಯೇಟರಿನ ಕೋರ್ ಹೊಸದಾಗಿ ಕಟ್ಟಿಸಿ, ಮುಂದೆ ಒಂದು ಎಲೆಕ್ಟ್ರಿಕ್ ಫ್ಯಾನು ಕೂರಿಸಿದರೆ ಸಿಗ್ನಲ್ಲುಗಳಲ್ಲಿ ನಿಂತಾಗ ಬಿಸಿ ತೋರಿಸುವ ಮೀಟರಿನ ಮುಳ್ಳು ಎಚ್ (ಹಾಟ್) ಕಡೆಗೆ ಏರುವುದು ತಪ್ಪುತ್ತದೆ. ಥರ್ಮೋಸ್ಟಾಟ್ ತೆಗೆದುಬಿಟ್ಟರೆ ತಂಪಾಗಿರುತ್ತದೆ ಎಂದು ಹೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಕೇಳಬೇಡಿ, ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯಾಗದೆ ಸವೆಯುತ್ತದೆ. ಬೀದರು ನಮಗಿಂತ ಎತ್ತರದಲ್ಲಿ, ತುಸು ತಂಪಾಗಿ ಇರುವುದು ನಿಮ್ಮ ಪುಣ್ಯ.

ಪೆಟ್ರೋಲಿನದು ಇನ್ನೊಂದು ಕಥೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲು. ಅದು ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸಿ ಒಡೆಯುತ್ತದೆ. ಬಿಸಿ ಎಕ್ಸಾಸ್ಟಿನ ಪಕ್ಕದಲ್ಲಿ ಪೆಟ್ರೋಲ್ ಪೈಪು ಸೋರುವುದೆಂದರೆ ಬೆಂಕಿಗೆ ಆಹ್ವಾನ. ಆದ್ದರಿಂದ ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ ಎಲ್ಲ ಪೈಪುಗಳನ್ನೂ ಎಥೆನಾಲ್ ತಾಳುವಂಥವಕ್ಕೆ ಬದಲಾಯಿಸದೆ ಒಂದು ದಿನವೂ ಓಡಿಸಬೇಡಿ. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಅಳತೆಗೆ ಹೊಂದಿಸಿದ ಕಾರ್ಬೊರೇಟರಿನಲ್ಲಿ ಮಿಶ್ರಣ ತೆಳುವಾಗಿ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲು ಕಡಿಮೆಯಾಗಿ, ಎಂಜಿನ್ ಇನ್ನಷ್ಟು ಕಾಯುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ: ಎಂಜಿನ್ ಬಿಸಿಯಾಗಿ ನಿಂತಲ್ಲೇ ಓಡುತ್ತಿರುವಾಗ, ಎಸ್‌ಯುವಿನ ಪಕ್ಕದಲ್ಲಿರುವ ಚಿಕ್ಕ ಪಿನ್ನನ್ನು ಬೆರಳಿನಿಂದ ಒತ್ತಿ ಒಳಗಿನ ಪಿಸ್ಟನ್ನನ್ನು ಒಂದು ಮಿ.ಮೀ.ನಷ್ಟು ಮೇಲೆತ್ತಿ ಕಿವಿಗೊಡಿ. ವೇಗ ಏರಿ ಹಾಗೇ ಉಳಿದರೆ ಮಿಶ್ರಣ ರಿಚ್ ಆಗಿದೆ (ಪೆಟ್ರೋಲು ಹೆಚ್ಚಾಗಿದೆ), ಕುಸಿದು ನಿಲ್ಲುವಂತಾದರೆ ತೆಳುವಾಗಿದೆ, ಒಂದಿಷ್ಟು ಏರಿ ಮತ್ತೆ ಸ್ವಸ್ಥಾನಕ್ಕೆ ಬಂದರೆ ಸರಿಯಿದೆ. ತೆಳುವಾಗಿದ್ದರೆ ಕೆಳಗಿನ ಜೆಟ್ ನಟ್ಟನ್ನು ತುಸು ಕೆಳಕ್ಕೆ ತಿರುಗಿಸಬೇಕು, ಆದರೆ ಅತಿಯಾದರೆ ಆರು ತಿಂಗಳಿಗೊಮ್ಮೆ ಮಾಡಿಸುವ ಹೊಗೆ ತಪಾಸಣೆಯಲ್ಲಿ ಕಾರು ಫೇಲಾಗುತ್ತದೆ. ದೇಶದಲ್ಲಿ 2000ರಲ್ಲಿ ಸೀಸದ ಪೆಟ್ರೋಲು ನಿಂತುಹೋದದ್ದರಿಂದ, ಹೆಡ್ಡಿನಲ್ಲಿ ಗಟ್ಟಿ ಎಕ್ಸಾಸ್ಟ್ ವಾಲ್ವ್ ಸೀಟುಗಳನ್ನು ಕೂರಿಸಿದ್ದಾರೆಯೇ ಎಂಬುದನ್ನೂ ಕೇಳಿ. ಇಲ್ಲವಾದರೆ ಹೆದ್ದಾರಿಯ ವೇಗದಲ್ಲಿ ಸೀಟುಗಳು ಸವೆದು ಟ್ಯಾಪೆಟ್ ಗ್ಯಾಪು ಕಡಿಮೆಯಾಗುತ್ತಾ ಹೋಗುತ್ತದೆ.

ರಸ್ತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೂ ಗೊತ್ತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಂತೆ 10 ಸೆಂ.ಮೀ. ಎತ್ತರಕ್ಕೆ 3.7 ಮೀಟರ್ ಅಗಲದಲ್ಲಿ ಹರಡಿದ ಹಂಪನ್ನು ಈ ಕಾರು ನಿಧಾನವಾಗಿ ದಾಟುತ್ತದೆ. ಊರಿನವರು ರಾತ್ರೋರಾತ್ರಿ ಹಾಕಿಕೊಂಡ ಹಂಪುಗಳಿಗೆ ಸೈಲೆನ್ಸರ್ ಪೈಪು ತಾಗುತ್ತದೆ. ಓರೆಯಾಗಿ ಹತ್ತಿಸಿ ಇಳಿಸುವುದು ರೂಢಿಯಾಗಬೇಕು. ಧೂಳಿಗೆ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಅವಧಿಗಿಂತ ಮೊದಲೇ ಬದಲಾಯಿಸಿ, ಮುಂದಿನ ಚಕ್ರಗಳು ಹೊರಳುವ ಗೂಟಗಳಾದ ಕಿಂಗ್‌ಪಿನ್ನುಗಳಿಗೆ ಪಕ್ಕಕ್ಕೆ ಮೂರರಂತೆ ಇರುವ ನಿಪ್ಪಲುಗಳಲ್ಲಿ ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಗನ್ ಒತ್ತಿಸಿ.

ನನಗೆ ಈಗಲೂ ಎಚ್ಚರ ತಪ್ಪದಂತೆ ಮಾಡುವುದು ಬ್ರೇಕು. ಆ ಕಾಲದ ಬಲಗೈ ಸ್ಟೀರಿಂಗಿನ ಎಂಜಿಬಿಗಳಲ್ಲಿ ಬ್ರೇಕಿನ ಸರ್ಕ್ಯೂಟ್ ಒಂದೇ. ಎಲ್ಲಾದರೂ ಒಂದು ಕಡೆ ಆಯಿಲ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಗುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕಿಸುವುದು ಶುದ್ಧ ಸಂಗ್ರಾಹಕರಿಗೆ ಇಷ್ಟವಾಗದಿರಬಹುದು, ಆದರೆ ಹುಮನಾಬಾದ್ ರಸ್ತೆಯ ಲಾರಿಗಳ ನಡುವೆ ದಿನಾ ಓಡುವವರು ಅವರಲ್ಲ. ಅದಾಗದಿದ್ದರೆ ಹೋಸುಗಳನ್ನು ಹೊಸದಾಗಿಸಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲನ್ನು ಪೂರ್ತಿ ಬದಲಾಯಿಸಿ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರುಗಳು ಇರುವುದರಿಂದ, ಕತ್ತಲಾಗುವ ಮೊದಲೇ ಮನೆ ಸೇರುವಂತೆ ಹೊರಡುವುದು ಲೇಸು.

ನೋಡಲು ಹೋದಾಗ ಬಣ್ಣಕ್ಕೆ ಮರುಳಾಗದೆ ಬಾಗಿಲುಗಳ ಕೆಳಗಿನ ಸಿಲ್ಲುಗಳನ್ನು ನೋಡಿ. ಇದಕ್ಕೆ ಬೇರೆ ಚಾಸಿ ಇಲ್ಲ, ಮೇಲೆ ಛಾವಣಿಯೂ ಇಲ್ಲದ ಕಾರಣ ಬಾಡಿಯ ಬಲವೆಲ್ಲ ಆ ಸಿಲ್ಲುಗಳಲ್ಲೇ ಇದೆ. ಜ್ಯಾಕಿನ ಜಾಗಕ್ಕೆ ಜ್ಯಾಕ್ ಕೊಟ್ಟು ಒಂದು ಪಕ್ಕವನ್ನು ಎತ್ತಿಸಿ, ಬಾಗಿಲಿನ ಸಂದಿಯಲ್ಲಿ ಬೆರಳಿಟ್ಟು ನೋಡಿ. ಸಂದಿ ಕಿರಿದಾಗುತ್ತಿದ್ದರೆ ಅಥವಾ ಬಾಗಿಲು ಸಿಕ್ಕಿಕೊಂಡರೆ ಒಳಗೆ ತುಕ್ಕು ತಿಂದಿದೆ ಎಂದರ್ಥ. ಅಂಥ ಕಾರಿಗೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಮುಂಗಡ ಕೊಡಬೇಡಿ. ಸಿಲ್ಲು ಗಟ್ಟಿಯಿದ್ದು ಕಾಗದ ಸರಿಯಿದ್ದರೆ ತೆಗೆದುಕೊಳ್ಳಿ, ಆದರೆ ಮನೆಯಲ್ಲಿರುವ ಸ್ಕೂಟರನ್ನು ಮಾರಬೇಡಿ, ಏಕೆಂದರೆ ಇಂಗ್ಲೆಂಡಿನಿಂದ ಒಂದು ವಾಟರ್ ಪಂಪು ಬರುವಷ್ಟು ದಿನ ಕಾಲೇಜು ನಿಮಗಾಗಿ ಕಾಯುವುದಿಲ್ಲ.